ದಾರಿಯ ಸುದ್ದಿ ಯಾರ ಸೊತ್ತು?

ಶಿರಾಡಿ ಅಥವಾ ಚಾರ್ಮಾಡಿ ಘಾಟಿಯಲ್ಲಿ ರಾತ್ರಿ ಪ್ರಯಾಣ ಮಾಡಿದವರಿಗೆ ಈ ದೃಶ್ಯ ಹೊಸದಲ್ಲ. ತಿರುವೊಂದಕ್ಕೆ ಸ್ವಲ್ಪ ಮುಂಚೆ ಡಾಂಬರಿನ ಮೇಲೆ ಹಸಿರು ಸೊಪ್ಪಿನ ಟೊಂಗೆಯೊಂದು ಬಿದ್ದಿರುತ್ತದೆ. ಗಾಳಿಗೆ ಮುರಿದು ಬಿದ್ದದ್ದಲ್ಲ, ಯಾರೋ ಬೇಕೆಂದೇ ಮುರಿದು ಇಟ್ಟದ್ದು. ಅದನ್ನು ಕಂಡ ಡ್ರೈವರ್ ತಕ್ಷಣ ವೇಗ ತಗ್ಗಿಸುತ್ತಾನೆ. ತಿರುವಿನಾಚೆ ಲಾರಿಯೊಂದು ಕೆಟ್ಟು ನಿಂತಿದೆ ಎಂದು ಅವನಿಗೆ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಹಾಗೆಯೇ ಎದುರಿನಿಂದ ಬರುವ ವಾಹನ ಹಾಡಹಗಲಿನಲ್ಲಿ ಎರಡು ಸಲ ದೀಪ ಮಿನುಗಿಸಿ ಹೋದರೆ, ಮುಂದೆ ಪೊಲೀಸರ ತಪಾಸಣೆ ಇದೆಯೆಂದೋ ರಸ್ತೆಗೆ ಮರ ಉರುಳಿದೆಯೆಂದೋ ಅರ್ಥ.

ಟೊಂಗೆ ಇಟ್ಟವನಿಗೆ ತನ್ನ ಲಾರಿ ಉಳಿಯಲಿ ಎಂಬ ಸ್ವಾರ್ಥವಾದರೂ ಇದೆ. ದೀಪ ಮಿನುಗಿಸಿದವನಿಗೆ ಅದೂ ಇಲ್ಲ. ಅವನು ಆ ಜಾಗವನ್ನು ದಾಟಿ ಬಂದಾಗಿದೆ. ನಾಳೆ ತನಗೂ ಯಾರೋ ಹೀಗೆ ತಿಳಿಸಿಯಾರು ಎಂಬ ನಂಬಿಕೆಯಷ್ಟೇ ಅವನ ಸಂಭಾವನೆ. ದಾರಿಯಲ್ಲಿ ಹೋಗುವವರು ದಾರಿಯ ಸುದ್ದಿಯನ್ನು ಒಬ್ಬರಿಗೊಬ್ಬರು ಪುಕ್ಕಟೆಯಾಗಿ ಕೊಡುತ್ತ ಬಂದಿದ್ದಾರೆ.

2013ರ ಜೂನ್ ತಿಂಗಳಲ್ಲಿ ಅಮೆರಿಕದ ಗೂಗಲ್ ಕಂಪನಿ ಇಸ್ರೇಲಿನ ‘ವೇಜ್’ ಎಂಬ ಸಂಸ್ಥೆಯನ್ನು ಕೊಂಡುಕೊಂಡಿತು. ಗೂಗಲ್ ಆಮೇಲೆ ಸಲ್ಲಿಸಿದ ಲೆಕ್ಕಪತ್ರದ ಪ್ರಕಾರ ಕೊಟ್ಟ ಬೆಲೆ 96.6 ಕೋಟಿ ಡಾಲರ್. ವೇಜ್‌ಗೆ ಕಾರ್ಖಾನೆ ಇರಲಿಲ್ಲ, ಗೋದಾಮು ಇರಲಿಲ್ಲ, ಸ್ವಂತ ಉಪಗ್ರಹವೂ ಇರಲಿಲ್ಲ. ಇದ್ದದ್ದು ಒಂದು ಮೊಬೈಲ್ ಆ್ಯಪ್ ಮತ್ತು ಅದರ ಮೂಲಕ ಪರಸ್ಪರ ದಾರಿಯ ಸುದ್ದಿ ತಿಳಿಸುತ್ತಿದ್ದ ಸುಮಾರು ಐದು ಕೋಟಿ ಜನ. ದೀಪ ಮಿನುಗಿಸುವ ಸೌಜನ್ಯ ಇಷ್ಟೊಂದು ಬೆಲೆಬಾಳುವ ಸರಕಾದದ್ದು ಹೇಗೆ? ಆ ಬೆಲೆ ಯಾರಿಗೆ ಸಂದಿತು, ಅದರ ಕಷ್ಟ ಯಾರ ಪಾಲಿಗೆ ಬಂದಿತು ಎಂಬುದನ್ನು ತಿಳಿಯಲು ನೂರು ವರ್ಷಕ್ಕೂ ಹಿಂದಕ್ಕೆ ಹೋಗಬೇಕಾಗುತ್ತದೆ.

ಸಲಾಮು ಹೊಡೆಯದ ಸೈಕಲ್ ಸವಾರ

ಇಂಗ್ಲೆಂಡಿನಲ್ಲಿ 1903ರ ಮೋಟಾರು ಕಾಯಿದೆ ವಾಹನಗಳ ವೇಗಕ್ಕೆ ಗಂಟೆಗೆ 20 ಮೈಲಿಯ ಮಿತಿ ಹಾಕಿತು. ಮಿತಿ ಮೀರಿದವರನ್ನು ಹಿಡಿಯಲು ಪೊಲೀಸರು ಕಂಡುಕೊಂಡ ಉಪಾಯ ಸರಳವಾಗಿತ್ತು. ರಸ್ತೆಯ ಪಕ್ಕದ ಬೇಲಿಯ ಮರೆಯಲ್ಲಿ ಅಳೆದ ಅಂತರದಲ್ಲಿ ಕಾನ್‌ಸ್ಟೇಬಲ್‌ಗಳು ಅಡಗಿ ಕುಳಿತು, ಕಾರು ಆ ಅಂತರವನ್ನು ದಾಟಲು ತೆಗೆದುಕೊಂಡ ಸಮಯವನ್ನು ಗಡಿಯಾರದಲ್ಲಿ ನೋಡಿ ದಂಡ ಹಾಕುತ್ತಿದ್ದರು. ಇದರಿಂದ ಬೇಸತ್ತ ಕಾರಿನ ಮಾಲೀಕರು 1905ರಲ್ಲಿ ಲಂಡನ್ನಿನಲ್ಲಿ ‘ಆಟೊಮೊಬೈಲ್ ಅಸೋಸಿಯೇಷನ್’ ಎಂಬ ಸಂಘ ಕಟ್ಟಿದರು. ಸಂಘದ ಮೊದಲ ಕೆಲಸವೇ ಸೈಕಲ್ ಸವಾರರನ್ನು ನೇಮಿಸಿ, ಪೊಲೀಸರು ಎಲ್ಲಿ ಹೊಂಚು ಹಾಕಿದ್ದಾರೆಂದು ಪತ್ತೆ ಹಚ್ಚಿ ಸದಸ್ಯರಿಗೆ ಮುನ್ಸೂಚನೆ ಕೊಡಿಸುವುದು.

ಪೊಲೀಸರು ಸುಮ್ಮನಿರಲಿಲ್ಲ. 1909ರಲ್ಲಿ ‘ಬೆಟ್ಸ್ ವಿರುದ್ಧ ಸ್ಟೀವನ್ಸ್’ ಎಂಬ ಮೊಕದ್ದಮೆಯಲ್ಲಿ, ವೇಗವಾಗಿ ಬರುತ್ತಿದ್ದ ಕಾರುಗಳಿಗೆ ಎಚ್ಚರಿಕೆ ಕೊಟ್ಟ ಸಂಘದ ಸವಾರನೊಬ್ಬ ಪೊಲೀಸರ ಕರ್ತವ್ಯಕ್ಕೆ ಅಡ್ಡಿಪಡಿಸಿದ ಅಪರಾಧಿ ಎಂದು ಇಂಗ್ಲೆಂಡಿನ ನ್ಯಾಯಾಲಯ ತೀರ್ಮಾನಿಸಿತು. ಸಂಘ ಆಗ ಒಂದು ಜಾಣ ದಾರಿ ಹುಡುಕಿತು. ಸಂಘದ ಬಿಲ್ಲೆ ಇರುವ ಕಾರು ಕಂಡಾಗಲೆಲ್ಲ ಸವಾರ ಸಲಾಮು ಹೊಡೆಯುವುದು ವಾಡಿಕೆ. ಇನ್ನು ಮುಂದೆ ಸವಾರ ಸಲಾಮು ಹೊಡೆಯದಿದ್ದರೆ ಕಾರು ನಿಲ್ಲಿಸಿ ಕಾರಣ ಕೇಳಿ ಎಂದು ಸದಸ್ಯರಿಗೆ ತಿಳಿಸಲಾಯಿತು. ಸಲಾಮು ಬರಲಿಲ್ಲವೆಂದರೆ ಮುಂದೆ ಪೊಲೀಸರಿದ್ದಾರೆ ಎಂದೇ ಲೆಕ್ಕ. ಏನನ್ನೂ ಹೇಳದವನನ್ನು, ಏನನ್ನೂ ಮಾಡದವನನ್ನು ಶಿಕ್ಷಿಸುವುದು ಕಾನೂನಿಗೂ ಕಷ್ಟವಾಯಿತು. ಈ ಸಲಾಮಿನ ಪದ್ಧತಿ 1960ರ ದಶಕದ ಆರಂಭದವರೆಗೂ ಉಳಿದಿತ್ತು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ದೀಪ ಮಿನುಗಿಸುವವನ ಸುದ್ದಿ ದಾರಿಯಲ್ಲಿ ಬರುವ ಎಲ್ಲರಿಗೂ ಸೇರಿದ್ದು. ಸಂಘದ ಸವಾರನ ಸುದ್ದಿ ಚಂದಾ ಕೊಟ್ಟು ಬಿಲ್ಲೆ ಪಡೆದವರಿಗೆ ಮಾತ್ರ. ದಾರಿಯ ಸುದ್ದಿಗೆ ಬೇಲಿ ಬಿದ್ದದ್ದು ಆಗಲೇ.

ಲಾರಿಯವರ ರೇಡಿಯೊ

ಬೇಲಿಯಿಲ್ಲದ ಪದ್ಧತಿಯೊಂದು ಮುಂದೆ ಅಮೆರಿಕದಲ್ಲಿ ಬೆಳೆಯಿತು. 1973ರ ಅಕ್ಟೋಬರ್‌ನಲ್ಲಿ ಅರಬ್ ರಾಷ್ಟ್ರಗಳು ತೈಲ ಸರಬರಾಜು ತಡೆದಾಗ ಅಲ್ಲಿ ಡೀಸೆಲ್ಲಿಗೆ ಹಾಹಾಕಾರವೆದ್ದಿತು. ಇಂಧನ ಉಳಿಸಲೆಂದು 1974ರ ಜನವರಿಯಲ್ಲಿ ಅಧ್ಯಕ್ಷ ನಿಕ್ಸನ್ ಇಡೀ ದೇಶಕ್ಕೆ ಗಂಟೆಗೆ 55 ಮೈಲಿಯ ವೇಗಮಿತಿ ತರುವ ಕಾಯಿದೆಗೆ ಸಹಿ ಹಾಕಿದರು. ಓಡಿದ ಮೈಲಿಯ ಲೆಕ್ಕದಲ್ಲಿ ಕೂಲಿ ಪಡೆಯುವ ಲಾರಿ ಚಾಲಕರಿಗೆ ಇದು ಹೊಟ್ಟೆಯ ಮೇಲೆ ಹೊಡೆದಂತಾಯಿತು. ಜನಸಾಮಾನ್ಯರ ಬಳಕೆಗೆಂದು ಸರ್ಕಾರ ಹಿಂದೆಯೇ ಮೀಸಲಿಟ್ಟಿದ್ದ ‘ಸಿಟಿಜನ್ಸ್ ಬ್ಯಾಂಡ್’ ರೇಡಿಯೊ ಆಗ ಅವರ ಕೈಗೆ ಬಂದಿತು.

ಕೆಲವೇ ಮೈಲಿ ದೂರ ಕೇಳಿಸುವ ಈ ಚಿಕ್ಕ ರೇಡಿಯೊ ಆ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ದೂರದ ಸುದ್ದಿ ಯಾರಿಗೂ ಬೇಕಿರಲಿಲ್ಲ, ಮುಂದಿನ ಹತ್ತು ಮೈಲಿಯ ಸುದ್ದಿ ಎಲ್ಲರಿಗೂ ಬೇಕಿತ್ತು. ಯಾವ ಬಂಕಿನಲ್ಲಿ ಡೀಸೆಲ್ ಸಿಗುತ್ತದೆ, ಎಲ್ಲಿ ಅಪಘಾತವಾಗಿದೆ, ಯಾವ ಸೇತುವೆಯ ಕೆಳಗೆ ಪೊಲೀಸ್ ಕಾರು ನಿಂತಿದೆ ಎಂಬುದೆಲ್ಲ ಲಾರಿಯಿಂದ ಲಾರಿಗೆ ಹರಿಯಿತು. ಪೊಲೀಸರಿಗೆ ‘ಸ್ಮೋಕಿ’ ಎಂಬ ಅಡ್ಡಹೆಸರು ಬಿತ್ತು. ಕಾಳ್ಗಿಚ್ಚಿನ ವಿರುದ್ಧ ಪ್ರಚಾರ ಮಾಡುವ ಸರ್ಕಾರಿ ಜಾಹೀರಾತಿನ ಕರಡಿಯ ಹೆಸರು ಅದು. ಕರಡಿಯ ತಲೆಯ ಮೇಲಿದ್ದ ಅಗಲ ಅಂಚಿನ ಟೋಪಿಯಂಥದನ್ನೇ ಹೆದ್ದಾರಿ ಪೊಲೀಸರೂ ಹಾಕುತ್ತಿದ್ದರು. ಮಾತನಾಡುವವರು ಸ್ವಂತ ಹೆಸರು ಹೇಳದೆ ತಾವೇ ಇಟ್ಟುಕೊಂಡ ಅಂಕಿತನಾಮ ಬಳಸುತ್ತಿದ್ದರು. ಈ ಲೋಕಕ್ಕೆ ಮಾಲೀಕರಿರಲಿಲ್ಲ. ಹೇಳಿದ ಮಾತು ಗಾಳಿಗೆ ಹೋಗುತ್ತಿತ್ತು, ಯಾರ ಲೆಕ್ಕದ ಪುಸ್ತಕದಲ್ಲೂ ಉಳಿಯುತ್ತಿರಲಿಲ್ಲ.

ಸುದ್ದಿಯೇ ತಂದ ಜಾಮ್

ನಗರಗಳ ಕಥೆ ಬೇರೆಯಾಗಿತ್ತು. ಅಲ್ಲಿ ದಾರಿಯ ಸುದ್ದಿ ಹೇಳುವ ಕೆಲಸವನ್ನು ರೇಡಿಯೊ ಕೇಂದ್ರಗಳು ವಹಿಸಿಕೊಂಡವು. ಲಾಸ್ ಏಂಜಲಿಸ್ ನಗರದಲ್ಲಿ 1955ರಲ್ಲಿ ಲಾಯ್ಡ್ ಸಿಗ್ಮನ್ ಎಂಬ ರೇಡಿಯೊ ಅಧಿಕಾರಿ, ಪೊಲೀಸರ ತುರ್ತು ಪ್ರಕಟಣೆಯನ್ನು ತಾನಾಗಿ ಧ್ವನಿಮುದ್ರಿಸಿಕೊಂಡು ಕೇಂದ್ರಗಳಿಗೆ ಒದಗಿಸುವ ಸಾಧನವೊಂದನ್ನು ರೂಪಿಸಿದ. ಅವನ ಹೆಸರಿನಿಂದಲೇ ಅದಕ್ಕೆ ‘ಸಿಗ್‌ಅಲರ್ಟ್’ ಎಂದು ಹೆಸರಾಯಿತು. ದೊಡ್ಡ ಸಂಚಾರ ಅಡಚಣೆಗೆ ಕ್ಯಾಲಿಫೋರ್ನಿಯಾದಲ್ಲಿ ಇಂದಿಗೂ ಅದೇ ಹೆಸರು.

1956ರ ಜನವರಿ 22ರಂದು ಆ ನಗರದಲ್ಲಿ ರೈಲೊಂದು ಹಳಿ ತಪ್ಪಿ 30 ಜನ ಸತ್ತರು. ವೈದ್ಯರು, ದಾದಿಯರು ಕೂಡಲೇ ಬರಬೇಕೆಂದು ಸಿಗ್‌ಅಲರ್ಟ್ ಮೂಲಕ ಕೋರಲಾಯಿತು. ಕರೆಗೆ ಓಗೊಟ್ಟು ಹೊರಟವರ ಕಾರುಗಳಿಂದಲೇ ದಾರಿ ಕಟ್ಟಿಹೋಯಿತು. ದಾರಿಯ ಸುದ್ದಿಗೆ ಒಂದು ವಿಚಿತ್ರ ಗುಣವಿದೆ. ಮಳೆ ಬರುತ್ತದೆಂದು ಸಾವಿರ ಜನರಿಗೆ ಹೇಳಿದರೆ ಮಳೆಯೇನೂ ಬದಲಾಗುವುದಿಲ್ಲ. ಇಂಥ ರಸ್ತೆ ಖಾಲಿ ಇದೆ ಎಂದು ಸಾವಿರ ಜನರಿಗೆ ಹೇಳಿದರೆ ಆ ರಸ್ತೆ ಖಾಲಿ ಉಳಿಯುವುದಿಲ್ಲ.

ಜರ್ಮನಿಯ ಗಣಿತಜ್ಞ ಡೀಟ್ರಿಚ್ ಬ್ರೇಸ್ 1968ರಲ್ಲಿ ಇದಕ್ಕೆ ಹತ್ತಿರದ ಇನ್ನೊಂದು ಸಂಗತಿಯನ್ನು ಲೆಕ್ಕ ಹಾಕಿ ತೋರಿಸಿದ. ಪ್ರತಿಯೊಬ್ಬನೂ ತನಗೆ ಬೇಗ ಎನಿಸಿದ ದಾರಿಯನ್ನೇ ಹಿಡಿದರೆ, ಕೆಲವು ಸಂದರ್ಭಗಳಲ್ಲಿ ಹೊಸ ರಸ್ತೆಯೊಂದನ್ನು ಕೂಡಿಸಿದ ಮೇಲೂ ಎಲ್ಲರ ಪ್ರಯಾಣದ ಸಮಯ ಹೆಚ್ಚುತ್ತದೆ ಎಂಬುದೇ ಆ ಲೆಕ್ಕ. ಒಬ್ಬೊಬ್ಬರ ಜಾಣತನವನ್ನು ಕೂಡಿಸಿದರೆ ಊರಿನ ಜಾಣತನ ಆಗಲೇಬೇಕೆಂದಿಲ್ಲ.

ಉಪಗ್ರಹ ಮತ್ತು ಜೇಬಿನ ಫೋನು

ಅಮೆರಿಕದ ಸೇನೆ ತನಗಾಗಿ ಕಟ್ಟಿಕೊಂಡ ಜಿಪಿಎಸ್ ಉಪಗ್ರಹಗಳ ಸಂಕೇತವನ್ನು ಸಾರ್ವಜನಿಕರಿಗೆ ಬಹುಕಾಲ ಬೇಕೆಂದೇ ಕೆಡಿಸಿ ಕೊಡಲಾಗುತ್ತಿತ್ತು. ಆಗ ತೋರಿಸಿದ ಸ್ಥಳಕ್ಕೂ ನಿಜವಾದ ಸ್ಥಳಕ್ಕೂ ನೂರು ಮೀಟರಿನಷ್ಟು ವ್ಯತ್ಯಾಸ ಬರಬಹುದಿತ್ತು. ಅಷ್ಟು ವ್ಯತ್ಯಾಸವಿದ್ದರೆ ಕಾರು ಹೆದ್ದಾರಿಯಲ್ಲಿದೆಯೋ ಪಕ್ಕದ ಬೀದಿಯಲ್ಲಿದೆಯೋ ಹೇಳಲಾಗದು. ಅಧ್ಯಕ್ಷ ಕ್ಲಿಂಟನ್ ಆದೇಶದಂತೆ 2000ದ ಮೇ ಆರಂಭದಲ್ಲಿ ಈ ಕಲಬೆರಕೆ ನಿಂತಿತು. ರಾತ್ರಿ ಬೆಳಗಾಗುವುದರೊಳಗೆ ಜಿಪಿಎಸ್ ರಸ್ತೆಯನ್ನು ಗುರುತಿಸಬಲ್ಲಷ್ಟು ನಿಖರವಾಯಿತು. ಕೆಲವೇ ವರ್ಷಗಳಲ್ಲಿ ಆ ಯಂತ್ರ ಮೊಬೈಲ್ ಫೋನಿನೊಳಗೇ ಬಂದು ಕುಳಿತಿತು.

2008ರ ಫೆಬ್ರವರಿ 8ರಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ವಿಭಾಗ ಮತ್ತು ನೋಕಿಯಾ ಕಂಪನಿ ಒಂದು ಪ್ರಯೋಗ ನಡೆಸಿದವು. ವಿದ್ಯಾರ್ಥಿಗಳು ಜಿಪಿಎಸ್ ಇದ್ದ ಫೋನು ಹಿಡಿದು 100 ಕಾರುಗಳಲ್ಲಿ ಹೆದ್ದಾರಿಯೊಂದರ ಮೇಲೆ ದಿನವಿಡೀ ಹೋಗಿ ಬಂದರು. ರಸ್ತೆಯಲ್ಲಿರುವ ನೂರು ವಾಹನಗಳ ಪೈಕಿ ಎರಡು ಮೂರು ಸುದ್ದಿ ಕೊಟ್ಟರೂ ಸಾಕು, ಇಡೀ ರಸ್ತೆಯ ವೇಗ ಸಾಕಷ್ಟು ಸರಿಯಾಗಿ ತಿಳಿಯುತ್ತದೆ ಎಂದು ಕಂಡುಬಂತು. ರಸ್ತೆ ಅಗೆದು ಯಂತ್ರ ಹೂಳುವ ಖರ್ಚಿಲ್ಲ, ಹೆಲಿಕಾಪ್ಟರ್ ಬೇಕಿಲ್ಲ. ಜನ ತಮ್ಮ ಪಾಡಿಗೆ ತಾವು ಹೋಗುತ್ತಿದ್ದರೆ ಸಾಕು.

ಬರಿಯ ಪರದೆಯ ಮೇಲೆ ಮೂಡಿದ ನಕ್ಷೆ

ಅಷ್ಟರಲ್ಲಿ ಇಸ್ರೇಲಿನಲ್ಲಿ ಎಹುದ್ ಶಬ್ತಾಯ್ ಎಂಬ ಕಂಪ್ಯೂಟರ್ ತಜ್ಞನಿಗೆ ಜಿಪಿಎಸ್ ಇದ್ದ ಕೈಗಂಪ್ಯೂಟರೊಂದು ಉಡುಗೊರೆಯಾಗಿ ಸಿಕ್ಕಿತ್ತು. ದಾರಿ ತೋರಿಸುವ ತಂತ್ರಾಂಶವೂ ಆಗ ಸಿಗುತ್ತಿತ್ತು. ಆದರೆ ನಕ್ಷೆ ಕಂಪನಿಯ ಸೊತ್ತು. ಹೊಸ ರಸ್ತೆ ಬಂದರೆ, ಬೀದಿಯೊಂದು ಏಕಮುಖವಾದರೆ, ಬಳಸುವವನಿಗೆ ಅದು ಗೊತ್ತಿದ್ದರೂ ನಕ್ಷೆಯಲ್ಲಿ ತಿದ್ದುವ ಹಕ್ಕಿರಲಿಲ್ಲ. ಶಬ್ತಾಯ್ 2006ರಲ್ಲಿ ‘ಫ್ರೀಮ್ಯಾಪ್ ಇಸ್ರೇಲ್’ ಎಂಬ ಯೋಜನೆ ಆರಂಭಿಸಿದ. ದೇಶದ ನಕ್ಷೆಯನ್ನು ಹೀಬ್ರೂ ಭಾಷೆಯಲ್ಲಿ ಜನರೇ ಬರೆಯಬೇಕು, ಅದು ಎಲ್ಲರಿಗೂ ಪುಕ್ಕಟೆಯಾಗಿ ದೊರೆಯಬೇಕು ಎಂಬುದು ಅದರ ಉದ್ದೇಶ.

ಕೆಲಸದ ಕ್ರಮ ಸ್ವಾರಸ್ಯಕರವಾಗಿದೆ. ಮೊದಲಿಗೆ ಪರದೆ ಬರಿದು. ಸ್ವಯಂಸೇವಕನೊಬ್ಬ ಕಾರಿನಲ್ಲಿ ಹೋದಂತೆ ಅವನ ಜಾಡು ಒಂದು ಗೆರೆಯಾಗಿ ಮೂಡುತ್ತದೆ. ಅದೇ ದಾರಿಯಲ್ಲಿ ಹಲವರು ಹೋದರೆ ಗೆರೆ ಖಚಿತವಾಗುತ್ತದೆ. ಎಲ್ಲರೂ ಒಂದೇ ದಿಕ್ಕಿನಲ್ಲಿ ಹೋದರೆ ಅದು ಏಕಮುಖ ರಸ್ತೆ ಇರಬೇಕು. ಒಂದು ಜಾಗದಲ್ಲಿ ಯಾರೂ ಎಡಕ್ಕೆ ತಿರುಗದಿದ್ದರೆ ಅಲ್ಲಿ ತಿರುವು ನಿಷೇಧವಿರಬೇಕು. ಆಮೇಲೆ ಮನೆಯಲ್ಲಿ ಕುಳಿತವರು ಬೀದಿಯ ಹೆಸರು ಬರೆಯುತ್ತಾರೆ, ತಪ್ಪು ತಿದ್ದುತ್ತಾರೆ. ಹಿಂದಿನ ಕಾಲದಲ್ಲಿ ಕಾಡಿನಲ್ಲಿ ಕಾಲುದಾರಿ ಬಿದ್ದದ್ದೂ ಹೀಗೆಯೇ. ಜನ ನಡೆದರು, ಹುಲ್ಲು ಸವೆಯಿತು, ದಾರಿಯಾಯಿತು.

2008ರಲ್ಲಿ ಶಬ್ತಾಯ್, ಅಮೀರ್ ಶಿನಾರ್ ಮತ್ತು ಊರಿ ಲೆವಿನ್ ಸೇರಿ ಇದನ್ನು ಒಂದು ಕಂಪನಿಯನ್ನಾಗಿ ಮಾಡಿದರು. ಮರುವರ್ಷ ಅದಕ್ಕೆ ವೇಜ್ ಎಂದು ಹೆಸರಾಯಿತು. ಫೋನಿನ ಆ್ಯಪ್ ಎರಡು ಬಗೆಯಲ್ಲಿ ಸುದ್ದಿ ಪಡೆಯುತ್ತಿತ್ತು. ಒಂದು, ಚಾಲಕ ಬೆರಳಿನಿಂದ ಒತ್ತಿ ತಿಳಿಸುವ ಸುದ್ದಿ. ಅಪಘಾತ, ಕೆಟ್ಟು ನಿಂತ ವಾಹನ, ಗುಂಡಿ, ಪೊಲೀಸ್ ಎಂದು ಚಿತ್ರಗಳಿದ್ದವು. ಹಿಂದೆ ಬಂದವರು ಅದು ನಿಜವೆಂದು ದೃಢಪಡಿಸಬಹುದು, ಈಗ ಅಲ್ಲಿ ಇಲ್ಲವೆಂದು ಅಳಿಸಲೂಬಹುದು. ಎರಡನೆಯದು, ಚಾಲಕ ಏನೂ ಮಾಡದೆ ಫೋನೇ ಕಳಿಸುವ ಸುದ್ದಿ. ಕ್ಷಣಕ್ಷಣಕ್ಕೂ ಎಲ್ಲಿದ್ದಾನೆ, ಎಷ್ಟು ವೇಗದಲ್ಲಿದ್ದಾನೆ ಎಂಬುದು ಕಂಪನಿಯ ಕಂಪ್ಯೂಟರಿಗೆ ಹೋಗುತ್ತದೆ. ಗಂಟೆಗೆ 60 ಕಿಲೋಮೀಟರ್ ಹೋಗಬೇಕಾದ ಕಡೆ ಹತ್ತಾರು ಫೋನುಗಳು ಹತ್ತು ಕಿಲೋಮೀಟರ್ ವೇಗದಲ್ಲಿ ತೆವಳುತ್ತಿದ್ದರೆ ಅಲ್ಲಿ ಜಾಮ್ ಆಗಿದೆ ಎಂದು ಯಾರೂ ಹೇಳಬೇಕಿಲ್ಲ.

ಜನರನ್ನು ಹುರಿದುಂಬಿಸಲು ಆಟದ ರೂಪವನ್ನೂ ಕೊಡಲಾಗಿತ್ತು. ಯಾರೂ ಹೋಗದ ರಸ್ತೆಯ ಮೇಲೆ ಪರದೆಯಲ್ಲಿ ಚುಕ್ಕಿಗಳು ಕಾಣುತ್ತಿದ್ದವು. ಆ ದಾರಿಯಲ್ಲಿ ಹೋದರೆ ಚಾಲಕನ ಗುರುತು ಚುಕ್ಕಿಗಳನ್ನು ನುಂಗುತ್ತ ಸಾಗಿ ಅಂಕ ಗಳಿಸುತ್ತಿತ್ತು. ಹೆಚ್ಚು ತಿದ್ದಿದವರಿಗೆ ಹೆಚ್ಚಿನ ದರ್ಜೆ. ಹಣ ಮಾತ್ರ ಇಲ್ಲ.

ಕೊಟ್ಟವರು ಮತ್ತು ಪಡೆದವರು

2012ರಲ್ಲಿ ಆ್ಯಪಲ್ ಕಂಪನಿ ತನ್ನದೇ ನಕ್ಷೆ ಹೊರತಂದು, ಅದರಲ್ಲಿ ತಪ್ಪುಗಳೇ ತುಂಬಿದ್ದರಿಂದ ನಗೆಪಾಟಲಾಯಿತು. ಸೆಪ್ಟೆಂಬರ್‌ನಲ್ಲಿ ಕಂಪನಿಯ ಮುಖ್ಯಸ್ಥ ಟಿಮ್ ಕುಕ್ ಬಹಿರಂಗವಾಗಿ ಕ್ಷಮೆ ಕೇಳಿ, ಅಲ್ಲಿಯವರೆಗೆ ಬೇರೆಯವರ ನಕ್ಷೆ ಬಳಸಿರೆಂದು ಸೂಚಿಸಿದ ಹೆಸರುಗಳಲ್ಲಿ ವೇಜ್ ಕೂಡ ಇತ್ತು. ಸ್ವಯಂಸೇವಕರು ಬರೆದ ನಕ್ಷೆ ಅಷ್ಟರಮಟ್ಟಿಗೆ ಬೆಳೆದಿತ್ತು. ಮುಂದಿನ ವರ್ಷ ಗೂಗಲ್ ಅದನ್ನು ಕೊಂಡಿತು. ವೇಜ್ ಬಳಕೆದಾರರು ಕೊಟ್ಟ ಅಪಘಾತ, ರಸ್ತೆ ಕಾಮಗಾರಿಯ ಸುದ್ದಿಗಳು 2013ರ ಆಗಸ್ಟ್‌ನಿಂದಲೇ ಗೂಗಲ್ ನಕ್ಷೆಯಲ್ಲೂ ಕಾಣತೊಡಗಿದವು.

ಹಣ ಹೂಡಿದವರಿಗೆ, ಸ್ಥಾಪಕರಿಗೆ, ನೌಕರರಿಗೆ ಪಾಲು ಸಿಕ್ಕಿತು. ಬೀದಿ ಬೀದಿ ಅಲೆದು ಗೆರೆ ಎಳೆದವರಿಗೆ, ರಾತ್ರಿ ಕುಳಿತು ಹೆಸರು ಬರೆದವರಿಗೆ ಏನೂ ಇರಲಿಲ್ಲ. 2014ರಲ್ಲಿ ಫ್ರೀಮ್ಯಾಪ್ ಕಾಲದ ಕೊಡುಗೆದಾರರ ಪರವಾಗಿ ಇಸ್ರೇಲಿನ ನ್ಯಾಯಾಲಯದಲ್ಲಿ ದಾವೆಯೊಂದು ದಾಖಲಾಯಿತು. ಎಲ್ಲರಿಗೂ ಮುಕ್ತವೆಂದು ಹೇಳಿ ಜನರಿಂದ ಪಡೆದ ನಕ್ಷೆ ಮತ್ತು ತಂತ್ರಾಂಶವನ್ನು ಖಾಸಗಿ ಸೊತ್ತು ಮಾಡಿಕೊಳ್ಳಲಾಗಿದೆ ಎಂಬುದು ಅದರ ಆರೋಪ. ಕಾನೂನಿನ ಮಾತು ಹೇಗಿದ್ದರೂ ಆ ದಾವೆ ಎತ್ತಿದ ಪ್ರಶ್ನೆ ನ್ಯಾಯಾಲಯದ ಗೋಡೆಗಿಂತ ದೊಡ್ಡದು. ಊರವರು ಸೇರಿ ಕೆರೆ ತೋಡಿದರೆ ಕೆರೆ ಊರಿನದು. ಊರವರು ಸೇರಿ ಬರೆದ ನಕ್ಷೆ ಯಾರದು?

ಇದಕ್ಕೆ ಎದುರು ವಾದವೂ ಇದೆ. ಪ್ರತಿ ಚಾಲಕನಿಗೂ ಪ್ರತಿಫಲ ಸಿಕ್ಕಿದೆ, ಅವನ ಸಮಯ ಉಳಿದಿದೆ. ಲಕ್ಷಾಂತರ ಜನರ ಸುದ್ದಿಯನ್ನು ಕ್ಷಣದಲ್ಲಿ ಜರಡಿ ಹಿಡಿದು ಹಂಚಲು ಕಂಪ್ಯೂಟರುಗಳು ಬೇಕು, ಅವುಗಳನ್ನು ನಡೆಸಲು ಹಣ ಬೇಕು, ಬರೀ ಸೌಜನ್ಯದಿಂದ ಅದು ನಡೆಯದು. ಮಾತು ಸುಳ್ಳಲ್ಲ. ದೀಪ ಮಿನುಗಿಸುವವನು ಎದುರಿಗೆ ಬಂದ ಕೆಲವರಿಗಷ್ಟೇ ಸುದ್ದಿ ಕೊಡಬಲ್ಲ, ಆ್ಯಪ್ ಇಡೀ ನಗರಕ್ಕೆ ಕೊಡುತ್ತದೆ. ಆದರೆ ಎದುರಿಗೆ ಬಂದವನ ಮುಖ ಕಾಣುತ್ತದೆ. ಆ್ಯಪ್‌ನಲ್ಲಿ ಯಾರ ಮುಖವೂ ಕಾಣುವುದಿಲ್ಲ.

ಮುಖ ಕಾಣದ ಕಡೆ ಸುಳ್ಳು ಹೇಳುವುದೂ ಸುಲಭ. 2014ರಲ್ಲಿ ಇಸ್ರೇಲಿನ ಟೆಕ್ನಿಯನ್ ಸಂಸ್ಥೆಯ ವಿದ್ಯಾರ್ಥಿಗಳು ಕಂಪ್ಯೂಟರಿನಲ್ಲೇ ಸಾವಿರಾರು ಸುಳ್ಳು ಚಾಲಕರನ್ನು ಸೃಷ್ಟಿಸಿ, ಇಲ್ಲದ ಜಾಮ್ ಒಂದನ್ನು ವೇಜ್‌ನಲ್ಲಿ ತೋರಿಸಿದರು. 2020ರಲ್ಲಿ ಸೈಮನ್ ವೆಕರ್ಟ್ ಎಂಬ ಕಲಾವಿದ ಬರ್ಲಿನ್ನಿನಲ್ಲಿ ಚಿಕ್ಕ ಕೈಗಾಡಿಯೊಂದರಲ್ಲಿ 99 ಫೋನು ತುಂಬಿಕೊಂಡು ಖಾಲಿ ರಸ್ತೆಯಲ್ಲಿ ನಿಧಾನವಾಗಿ ಎಳೆದುಕೊಂಡು ಹೋದ. ಗೂಗಲ್ ನಕ್ಷೆಯಲ್ಲಿ ಆ ರಸ್ತೆ ಕೆಂಪಾಯಿತು. ಭಾರತದಂಥ ದೇಶಗಳಲ್ಲಿ ಕಾರು ಯಾವುದು, ಬೈಕು ಯಾವುದು ಎಂದು ಗುರುತಿಸಲು ಕಲಿತಿದ್ದೇವೆ, ಕೈಗಾಡಿಯ ವಿಷಯ ಇನ್ನೂ ಗೊತ್ತಾಗಿಲ್ಲ ಎಂದು ಗೂಗಲ್ ನಗೆಯಾಡಿತು.

ಹಳೆಯ ಜಗಳವೂ ಮರಳಿ ಬಂದಿತು. ನ್ಯೂಯಾರ್ಕಿನಲ್ಲಿ ಇಬ್ಬರು ಪೊಲೀಸರು ಕೊಲೆಯಾದ ಬೆನ್ನಲ್ಲೇ, 2014ರ ಕೊನೆಯಲ್ಲಿ ಲಾಸ್ ಏಂಜಲಿಸ್ ಪೊಲೀಸ್ ಮುಖ್ಯಸ್ಥ ಚಾರ್ಲಿ ಬೆಕ್, ಪೊಲೀಸರು ಎಲ್ಲಿದ್ದಾರೆಂದು ತೋರಿಸುವ ಈ ಸೌಲಭ್ಯದಿಂದ ಅವರ ಜೀವಕ್ಕೆ ಅಪಾಯವಿದೆ ಎಂದು ಗೂಗಲ್‌ಗೆ ಪತ್ರ ಬರೆದರು. 2019ರಲ್ಲಿ ನ್ಯೂಯಾರ್ಕ್ ಪೊಲೀಸರು, ಕುಡಿದು ವಾಹನ ಓಡಿಸುವವರನ್ನು ಹಿಡಿಯುವ ತಪಾಸಣೆಯ ಜಾಗಗಳನ್ನು ತೋರಿಸಬಾರದೆಂದು ಪತ್ರ ಬರೆದರು. ಪೊಲೀಸರನ್ನು ಕಂಡರೆ ಚಾಲಕರು ಎಚ್ಚರಿಕೆಯಿಂದ ಓಡಿಸುತ್ತಾರೆ ಎಂಬುದು ವೇಜ್ ಕಡೆಯವರ ವಾದ. ಒಂದು ಶತಮಾನದ ಹಿಂದೆ ಬೇಲಿಯ ಮರೆಯ ಕಾನ್‌ಸ್ಟೇಬಲ್ ಮತ್ತು ಸೈಕಲ್ ಸವಾರನ ನಡುವೆ ನಡೆದ ಜಗಳವೇ ಇದು.

ಬೀದಿಯಲ್ಲಿ ವಾಸಿಸುವವರು

ಈ ಎಲ್ಲ ವಾದಗಳಲ್ಲಿ ಮಾತಿಗೆ ಬಾರದ ಒಂದು ಗುಂಪಿದೆ. ಅದು ಒಳದಾರಿಗಳ ಅಕ್ಕಪಕ್ಕ ಮನೆ ಮಾಡಿಕೊಂಡಿರುವವರದು. ನ್ಯೂಯಾರ್ಕಿಗೆ ಹೋಗುವ ಜಾರ್ಜ್ ವಾಷಿಂಗ್ಟನ್ ಸೇತುವೆಯ ಸಮೀಪ, ನ್ಯೂಜೆರ್ಸಿ ರಾಜ್ಯದಲ್ಲಿ ಲಿಯೋನಿಯಾ ಎಂಬ ಚಿಕ್ಕ ಪಟ್ಟಣವಿದೆ. ಹೆದ್ದಾರಿಯಲ್ಲಿ ಜಾಮ್ ಆದಾಗಲೆಲ್ಲ ಆ್ಯಪ್‌ಗಳು ಕಾರುಗಳನ್ನು ಈ ಊರಿನ ಬೀದಿಗಳಿಗೆ ತಿರುಗಿಸುತ್ತಿದ್ದವು. ತಮ್ಮ ಮನೆಯ ಅಂಗಳದಿಂದ ಕಾರು ಹೊರತೆಗೆಯಲಾರದ ಸ್ಥಿತಿ ಅಲ್ಲಿನವರದಾಯಿತು. 2018ರ ಜನವರಿಯಲ್ಲಿ ಊರಿನ ಆಡಳಿತ ಸುಮಾರು 60 ಬೀದಿಗಳನ್ನು ಬೆಳಿಗ್ಗೆ, ಸಂಜೆಯ ದಟ್ಟಣೆಯ ಹೊತ್ತಿನಲ್ಲಿ ಹೊರಗಿನವರಿಗೆ ಮುಚ್ಚಿಬಿಟ್ಟಿತು. ನಿವಾಸಿಗಳ ಕಾರಿಗೆ ಹಳದಿ ಚೀಟಿ, ಉಳಿದವರಿಗೆ 200 ಡಾಲರ್ ದಂಡ. ಸಾರ್ವಜನಿಕ ರಸ್ತೆಯನ್ನು ಹೀಗೆ ಮುಚ್ಚಬಹುದೇ ಎಂಬ ಪ್ರಶ್ನೆ ನ್ಯಾಯಾಲಯಕ್ಕೆ ಹೋಗಿ, ಆ ಕಟ್ಟಳೆ ಅದೇ ವರ್ಷ ಬಿದ್ದುಹೋಯಿತು.

ಲಿಯೋನಿಯಾದವರು ಆ್ಯಪ್‌ಗೆ ಒಂದು ಸುದ್ದಿಯನ್ನೂ ಕೊಡದಿದ್ದರೂ ಅದರ ಭಾರ ಅವರ ಮೇಲೆ ಬಿದ್ದಿತು. ಕಂಪ್ಯೂಟರಿಗೆ ಕಾಣುವುದು ರಸ್ತೆಯ ಉದ್ದ ಮತ್ತು ವಾಹನದ ವೇಗ ಮಾತ್ರ. ಮಕ್ಕಳು ಚೆಂಡಾಡುವ ಬೀದಿ, ಮುದುಕರು ನಡೆದಾಡುವ ಬೀದಿ ಎಂಬ ಭೇದ ಅದಕ್ಕಿಲ್ಲ. 2017ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲಿಸ್ ಸುತ್ತ ಕಾಳ್ಗಿಚ್ಚು ಹಬ್ಬಿದಾಗ ಇದರ ಭೀಕರ ರೂಪ ಕಂಡಿತು. ಬೆಂಕಿಗೆ ಹೆದರಿ ಜನ ತೆರವು ಮಾಡಿದ ಬಡಾವಣೆಗಳ ರಸ್ತೆಗಳು ಖಾಲಿಯಾಗಿದ್ದವು. ಖಾಲಿ ರಸ್ತೆ ಎಂದರೆ ಒಳ್ಳೆಯ ರಸ್ತೆ ಎಂದು ಲೆಕ್ಕ ಹಾಕುವ ಆ್ಯಪ್‌ಗಳು ಅತ್ತಲೇ ದಾರಿ ತೋರಿಸುತ್ತಿವೆ, ಅವುಗಳನ್ನು ನಂಬಬೇಡಿ ಎಂದು ಪೊಲೀಸರು ಚಾಲಕರಿಗೆ ಹೇಳಬೇಕಾಯಿತು.

ಬೆಂಗಳೂರಿನಲ್ಲಿ, ಬರೇಲಿಯಲ್ಲಿ

ಬೆಂಗಳೂರಿಗೆ ಈ ವಿದ್ಯೆ ಹೊಸದೇನಲ್ಲ. ಸ್ಮಾರ್ಟ್‌ಫೋನು ಮನೆಮನೆಗೆ ಬರುವ ಮೊದಲೇ, ನಗರದ ‘ಮ್ಯಾಪ್‌ಯೂನಿಟಿ’ ಸಂಸ್ಥೆ ಸಂಚಾರ ಪೊಲೀಸರ ಜೊತೆ ಸೇರಿ, ಮೊಬೈಲ್ ಗೋಪುರಗಳ ವ್ಯಾಪ್ತಿಯಲ್ಲಿರುವ ಫೋನುಗಳ ದಟ್ಟಣೆಯಿಂದ ರಸ್ತೆಯ ಸ್ಥಿತಿ ಊಹಿಸುವ ಮಾಹಿತಿ ವ್ಯವಸ್ಥೆಯೊಂದನ್ನು ನಡೆಸಿತ್ತು. ಗೂಗಲ್ 2012ರಲ್ಲಿ ಭಾರತದ ಕೆಲವು ನಗರಗಳ ದಟ್ಟಣೆಯನ್ನು ನಕ್ಷೆಯಲ್ಲಿ ತೋರಿಸತೊಡಗಿದಾಗ ಅವುಗಳಲ್ಲಿ ಬೆಂಗಳೂರೂ ಇತ್ತು. ದ್ವಿಚಕ್ರ ವಾಹನಗಳಿಗೆಂದೇ ಬೇರೆ ದಾರಿ ತೋರಿಸುವ ಏರ್ಪಾಡನ್ನು ಆ ಕಂಪನಿ 2017ರಲ್ಲಿ ಮೊದಲು ತಂದದ್ದು ಭಾರತದಲ್ಲೇ. ಕಾರು ನಿಂತ ಕಡೆ ಸ್ಕೂಟರ್ ಸಂದಿಯಲ್ಲಿ ನುಸುಳಿ ಹೋಗುತ್ತದೆ ಎಂಬ ಸತ್ಯವನ್ನು ಕಂಪ್ಯೂಟರಿಗೂ ಕಲಿಸಬೇಕಾಯಿತು. ಇಷ್ಟೆಲ್ಲ ಸುದ್ದಿ ಕೈಯಲ್ಲಿದ್ದೂ, ಟಾಮ್‌ಟಾಮ್ ಸಂಸ್ಥೆಯ 2022ರ ಸಮೀಕ್ಷೆಯಲ್ಲಿ ಬೆಂಗಳೂರಿನ ಹೃದಯಭಾಗದಲ್ಲಿ 10 ಕಿಲೋಮೀಟರ್ ಕ್ರಮಿಸಲು ಸರಾಸರಿ 29 ನಿಮಿಷ 10 ಸೆಕೆಂಡು ಬೇಕಾಯಿತು. ಸುದ್ದಿ ಇರುವ ರಸ್ತೆಯನ್ನು ಹಂಚಬಲ್ಲುದೇ ಹೊರತು ಇಲ್ಲದ ರಸ್ತೆಯನ್ನು ಹುಟ್ಟಿಸಲಾರದು. ಆ್ಯಪ್ ತೋರಿದ ಅಡ್ಡರಸ್ತೆಗೆ ಒಬ್ಬರ ಹಿಂದೊಬ್ಬರು ನುಗ್ಗಿ, ಎದುರುಬದುರು ನಿಂತು ಹಾರ್ನ್ ಬಾರಿಸುವ ಕಾರುಗಳನ್ನು ಕಂಡ ಹಳೆಯ ಬಡಾವಣೆಗಳ ಜನರಿಗೆ ಲಿಯೋನಿಯಾದವರ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿಯ ಬಳಿ ನಡೆದದ್ದು ಇನ್ನೂ ಗಂಭೀರ. ಮೂವರು ಪ್ರಯಾಣಿಸುತ್ತಿದ್ದ ಕಾರೊಂದು ರಾಮಗಂಗಾ ನದಿಯ ಸೇತುವೆಯ ಮೇಲಿಂದ ಕೆಳಗೆ ಬಿದ್ದು ಮೂವರೂ ಸತ್ತರು. ಸೇತುವೆಯ ಒಂದು ಭಾಗ ಹಿಂದೆಯೇ ಪ್ರವಾಹಕ್ಕೆ ಕೊಚ್ಚಿಹೋಗಿತ್ತು. ಅವರು ಫೋನಿನ ನಕ್ಷೆಯನ್ನು ನಂಬಿ ಹೋಗುತ್ತಿದ್ದರು ಎಂದು ವರದಿಯಾಯಿತು. ಲೋಕೋಪಯೋಗಿ ಇಲಾಖೆಯ ಎಂಜಿನಿಯರುಗಳ ಮೇಲೂ ನಕ್ಷೆಯ ಕಂಪನಿಯ ಅಧಿಕಾರಿಯೊಬ್ಬರ ಮೇಲೂ ಪೊಲೀಸರು ಮೊಕದ್ದಮೆ ದಾಖಲಿಸಿದರು. ಸೇತುವೆಯ ಬಾಯಲ್ಲಿ ಸರಿಯಾದ ಅಡ್ಡಗಟ್ಟೆ ಇರಲಿಲ್ಲ.

ಯಾರದು ತಪ್ಪು ಎಂಬುದನ್ನು ನ್ಯಾಯಾಲಯ ನೋಡಿಕೊಳ್ಳಲಿ. ಆದರೆ ಆ ಸುದ್ದಿ ಯಾರಿಗೂ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಸುತ್ತಲಿನ ಹಳ್ಳಿಯವರಿಗೆ ಸೇತುವೆ ಮುರಿದದ್ದು ಗೊತ್ತಿತ್ತು, ಇಲಾಖೆಗೂ ಗೊತ್ತಿರಲೇಬೇಕು. ಗೊತ್ತಿದ್ದವರಿಗೆ ಆ ದಾರಿಯಲ್ಲಿ ಹೋಗುವ ಕೆಲಸವಿರಲಿಲ್ಲ, ಹೋಗುವವರಿಗೆ ಗೊತ್ತಿರಲಿಲ್ಲ. ಹೋಗುವವರು ಕೊಟ್ಟ ಸುದ್ದಿಯಿಂದಲೇ ನಡೆಯುವ ನಕ್ಷೆಗೆ, ಯಾರೂ ಹೋಗದ ದಾರಿ ಕುರುಡು. ಅಲ್ಲಿ ಸುದ್ದಿ ಹೇಳುವ ಹೊಣೆ ರಸ್ತೆಯ ಒಡೆತನ ಇದ್ದವರದು, ಅಂದರೆ ಸರ್ಕಾರದ್ದು. ಜನ ಪುಕ್ಕಟೆ ಕೊಟ್ಟ ಸುದ್ದಿಯನ್ನು ಬೆಲೆಬಾಳುವ ಸರಕು ಮಾಡಿಕೊಂಡ ಕಂಪನಿಗೂ, ಅಪಾಯದ ಸುದ್ದಿಯನ್ನು ಹುಡುಕಿ ಸೇರಿಸುವ ಹೊಣೆಯಿಂದ ಬಿಡುಗಡೆಯಿಲ್ಲ.

ಇಂದು ಕೋಟ್ಯಂತರ ಜನರ ಫೋನುಗಳು ಹಗಲಿರುಳು ದಾರಿಯ ಸುದ್ದಿ ಕಳಿಸುತ್ತಿವೆ. ಅದರಿಂದ ಎಷ್ಟೋ ಆಂಬುಲೆನ್ಸುಗಳು, ಎಷ್ಟೋ ಪ್ರಯಾಣಿಕರು ಬೇಗ ಮುಟ್ಟಿರುವುದೂ ನಿಜ. ಆದರೆ ಆ ರಾತ್ರಿ ಬರೇಲಿಯ ಸೇತುವೆಯ ಬಾಯಲ್ಲಿ ಬೇಕಿದ್ದುದು ಉಪಗ್ರಹವಲ್ಲ. ಯಾರಾದರೂ ಒಂದು ಹಸಿರು ಟೊಂಗೆ ಮುರಿದು ಅಡ್ಡ ಇಟ್ಟಿದ್ದರೂ ಸಾಕಿತ್ತೇನೋ.